ಪರದೆ, ಮುದ್ರಣ, ಬಟ್ಟೆ: ಬಣ್ಣಕ್ಕಿಂತ ಮೊದಲು ಬೆಳಕು

ಗೋವಾದ ಕಲಂಗುಟ್ ಕಡಲತೀರಕ್ಕೆ ಹೋದವರು, ಕರ್ನಾಟಕದಿಂದ ಬಂದ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಬಟ್ಟೆ, ಮಣಿಸರ ಮಾರೋದನ್ನ ನೋಡಿರ್ತೀರಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಅಂಥ ಒಂದು ಕೆಂಪು ಬಟ್ಟೆಯ ಚಿತ್ರ ತೆಗೆದು ಕ್ಯಾಟಲಾಗಿಗೆ ಹಾಕ್ತೀವಿ ಅಂದುಕೊಳ್ಳಿ. ಪರದೆಯ ಕೆಂಪು, ಮುದ್ರಣದ ಕೆಂಪು, ಬಟ್ಟೆಯ ಕೆಂಪು ಮೂರೂ ಬೇರೆ ಕಾಣುತ್ತವೆ. ಚಿತ್ರ ನಂಬಿ ಕೊಂಡವರು ವಾಪಸ್ ಕಳಿಸಿದರೆ ನಷ್ಟ ಹೊಲಿದ ಕೈಗೆ.

ಕಾರಣ ಏನು? ಪರದೆ ತಾನೇ ಬೆಳಕು ಸೂಸುತ್ತದೆ. ಕಾಗದ, ಬಟ್ಟೆ ತಮ್ಮ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತವೆ. ಆದ್ದರಿಂದ 'ಯಾವ ಬೆಳಕಿನಲ್ಲಿ?' ಅಂತ ಹೇಳದೆ ಹೊಂದಾಣಿಕೆಯ ಮಾತೇ ಇಲ್ಲ.

ಒಂದು ಲೆಕ್ಕ ನೋಡಿ. ಮೇಜಿನ ಮೇಲೆ 400 ಲಕ್ಸ್ ಬೆಳಕಿದೆ. ಬಿಳಿ ಕಾಗದ ಅದರಲ್ಲಿ ಶೇ. 90ರಷ್ಟನ್ನು ಪ್ರತಿಫಲಿಸುತ್ತದೆ. 400 × 0.9 ÷ 3.14, ಅಂದರೆ ಚದರ ಮೀಟರಿಗೆ ಸುಮಾರು 115 ಕ್ಯಾಂಡೆಲಾ. ಪರದೆಯ ಬಿಳುಪನ್ನೂ ಅಷ್ಟಕ್ಕೇ ಇಳಿಸಬೇಕು. ಕಡಲತೀರದ ನಡುಹಗಲಲ್ಲಿ 1,00,000 ಲಕ್ಸ್ ಇದ್ದರೆ ಅದೇ ಕಾಗದ 28,000 ಕ್ಯಾಂಡೆಲಾ ದಾಟುತ್ತೆ. ನಮ್ಮ ಮಾನಿಟರ್ ಎಲ್ಲಿ ಮುಟ್ಟಬೇಕು! ಹಾಗಾಗಿ ಹೋಲಿಕೆ ಕೋಣೆಯೊಳಗೇ ಆಗಬೇಕು.

ಕ್ರಮ ಹೀಗೆ: ಮುದ್ರಣ ನೋಡಲು ಡಿ50, ಅಂದರೆ ಸುಮಾರು 5,000 ಕೆಲ್ವಿನ್ ದೀಪ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಡಿ. ಕಲರಿಮೀಟರ್ ಇಟ್ಟು ಬಿಳಿಬಿಂದು, ಪ್ರಖರತೆ, ಗಾಮಾ 2.2 ಹೊಂದಿಸಿ, ಪ್ರೊಫೈಲ್ ಮಾಡಿ. ಬಟ್ಟೆಯ ಪಕ್ಕ 24 ಚೌಕಗಳ ಬಣ್ಣದ ಪಟ್ಟಿ ಇಟ್ಟು ಫೋಟೋ ತೆಗೆದು ಕ್ಯಾಮೆರಾಕ್ಕೂ ಪ್ರೊಫೈಲ್ ಮಾಡಿ. ಆ ಪ್ರಿಂಟರ್, ಆ ಕಾಗದದ ಪ್ರೊಫೈಲ್ ಹಾಕಿ, ಮುದ್ರಣ ಹೇಗೆ ಬರುತ್ತೆ ಅಂತ ಪರದೆಯಲ್ಲೇ ಮೊದಲು ನೋಡಿ.

ಇಷ್ಟಾದರೂ ಕೆಲವು ಉಳಿಯುತ್ತವೆ. ಗಾಢ ಬಣ್ಣಗಳು ಎಸ್‌ಆರ್‌ಜಿಬಿ ವ್ಯಾಪ್ತಿಯ ಹೊರಗೆ ಹೋಗಬಹುದು. ಟ್ಯೂಬ್‌ಲೈಟಲ್ಲಿ ಒಂದೇ ಥರ ಕಂಡ ಎರಡು ನೂಲು ಬಿಸಿಲಲ್ಲಿ ಬೇರೆಯಾಗಬಹುದು, ಇದೇ ಮೆಟಾಮೆರಿಸಂ. ಇನ್ನು ಕಸೂತಿಯ ಕನ್ನಡಿ ಚೂರು? ಅದಕ್ಕೆ ಸ್ವಂತ ಬಣ್ಣವೇ ಇಲ್ಲ, ಎದುರಿಗಿದ್ದದ್ದೇ ಅದರ ಬಣ್ಣ. ಅದನ್ನ ಯಾವ ಪ್ರೊಫೈಲೂ ಹಿಡಿಯಲ್ಲ.

ಪ್ರಶ್ನೆ: ಉಪಕರಣ ಇಲ್ಲದೆ ಕಣ್ಣಂದಾಜಲ್ಲಿ ಆಗಲ್ವಾ?

ಉತ್ತರ: ಕಣ್ಣು ಯಾವ ಬಿಳುಪಿಗಾದರೂ ಒಗ್ಗಿಕೊಳ್ಳುತ್ತೆ, ಅದೇ ತೊಂದರೆ. ಮೊದಲು ಅಳತೆ, ಕೊನೆಗೆ ಕಣ್ಣು. ಉಪಕರಣ ಇಲ್ಲದವರು ಕನಿಷ್ಠ ಪ್ರಖರತೆ ಇಳಿಸಿ, ಒಂದೇ ದೀಪದಡಿ ಬಟ್ಟೆ ಮತ್ತು ಮುದ್ರಣ ಇಟ್ಟು ನೋಡಿ, ಚಿತ್ರದ ಕೆಳಗೆ ಆ ಬೆಳಕು ಯಾವುದು ಅಂತ ಬರೆಯಿರಿ. ಕೊಳ್ಳುವವರಿಗೂ ಮುಂದಿನ ಸಂಶೋಧಕರಿಗೂ ಅದೊಂದು ಸಾಲು ಬೇಕಾಗುತ್ತೆ.