ವಿಡಿಯೊ ಸಂಕಲನದಲ್ಲಿ ಮುನ್ನೋಟವೂ ಮೂಲದ ಗುಣರಕ್ಷಣೆಯೂ

ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ಕಾಲವಾದರು. ಅವರಿಂದ ಒಂದು ಕಥನವನ್ನು ಇನ್ನೊಮ್ಮೆ ಹಾಡಿಸಿ ಚಿತ್ರಿಸಿಕೊಳ್ಳುವುದು ಸಾಧ್ಯವಿಲ್ಲ. ಅಂಥ ಕಲಾವಿದರ ವಿಷಯದಲ್ಲಿ ಹಿಂದೆ ಚಿತ್ರಿಸಿ ಇಟ್ಟುದಷ್ಟೇ ನಮಗೆ ಉಳಿಯತಕ್ಕದ್ದು. ಹೊಸಪೇಟೆ, ಕಂಪ್ಲಿಗಳ ಸುತ್ತ ಕ್ಷೇತ್ರಕಾರ್ಯ ಮಾಡುವವರು ಕ್ಯಾಮರಾದ ವಿಷಯದಲ್ಲಿ ತೋರುವ ಎಚ್ಚರವನ್ನು ಸಂಕಲನದ ಹಂತದಲ್ಲಿ ತೋರುವುದು ಅಪರೂಪ. ಗುಣನಷ್ಟವಾಗುವುದಾದರೋ ಬಹುಮಟ್ಟಿಗೆ ಅಲ್ಲಿಯೇ.

1920×1080 ಬಿಂದುಗಳ ಒಂದು ಚಿತ್ರಕ್ಕೆ, ಬಿಂದುವೊಂದಕ್ಕೆ ಮೂರು ಬೈಟುಗಳಂತೆ, 62 ಲಕ್ಷಕ್ಕೂ ಮಿಕ್ಕಿ ಬೈಟುಗಳು ಬೇಕು. ಸೆಕೆಂಡಿಗೆ 25 ಚಿತ್ರಗಳಾದರೆ ಸುಮಾರು 155 ಮೆಗಾಬೈಟು. ಸೆಕೆಂಡಿಗೆ 50 ಮೆಗಾಬಿಟ್ಟಿನಂತೆ ಬರೆದುಕೊಳ್ಳುವ ಕ್ಯಾಮರಾ ಇದನ್ನು ಆರೂಕಾಲು ಮೆಗಾಬೈಟಿಗೆ ಇಳಿಸುತ್ತದೆ. ಹೀಗೆ ಅಡಕಗೊಳಿಸುವ ಎಚ್.264 ಮೊದಲಾದ ಪದ್ಧತಿಗಳು ಆಗೊಂದು ಈಗೊಂದು ಚಿತ್ರವನ್ನು ಮಾತ್ರ ಪೂರ್ಣವಾಗಿ ಇರಿಸಿಕೊಂಡು, ನಡುವಿನವನ್ನು ಕೇವಲ ವ್ಯತ್ಯಾಸಗಳ ರೂಪದಲ್ಲಿ ಇಡುವುದುಂಟು. ನಡುವಿನ ಒಂದು ಚಿತ್ರವನ್ನು ತೋರಿಸಬೇಕಾದರೂ ಯಂತ್ರವು ಅದರ ನೆರೆಯ ಹಲವನ್ನು ಬಿಡಿಸಿ ನೋಡಬೇಕು. ಅದರ ಮೇಲೆ ಬಣ್ಣದ ತಿದ್ದುಪಡಿಯನ್ನೂ ಉಪಶೀರ್ಷಿಕೆಯನ್ನೂ ಹೇರಿದರೆ ಪರದೆಯ ಮೇಲಿನ ಓಟ ತಡವರಿಸುತ್ತದೆ.

ಇದಕ್ಕೆ ಪರಿಹಾರವೇ ಮುನ್ನೋಟ. ಅದು ಮೂರು ಬಗೆಯಲ್ಲಿ ದೊರೆಯುತ್ತದೆ: ತೋರಿಕೆಯ ಅಳತೆಯನ್ನು ಅರ್ಧಕ್ಕೆ ಇಳಿಸುವುದು, ಮೂಲದ ಬದಲಿಗೆ ಚಿಕ್ಕದೊಂದು ಪ್ರತಿನಿಧಿ ಕಡತವನ್ನು ಬಳಸುವುದು, ತಿದ್ದಿದ ಭಾಗವನ್ನು ಮೊದಲೇ ರೆಂಡರ್ ಮಾಡಿ ತಾತ್ಕಾಲಿಕ ಕಡತವಾಗಿ ಇಟ್ಟುಕೊಳ್ಳುವುದು. ಈ ಮೂರರಿಂದಲೂ ಮೂಲಕ್ಕೆ ಯಾವ ಧಕ್ಕೆಯೂ ಇಲ್ಲ. ಧಕ್ಕೆಯಾಗುವುದು ನಮ್ಮ ತೀರ್ಮಾನಕ್ಕೆ. ಅರ್ಧ ಅಳತೆಯಲ್ಲಿ ನಾಲ್ಕು ಬಿಂದುಗಳ ಸ್ಥಾನದಲ್ಲಿ ಒಂದೇ ಬಿಂದು ನಿಲ್ಲುವುದರಿಂದ, ಸಂಡೂರಿನ ಲಂಬಾಣಿ ಕಸೂತಿಯ ಸಣ್ಣ ಹೊಲಿಗೆಗಳು ಕಲಸಿಹೋದಂತೆಯೋ ಮಿನುಗುವಂತೆಯೋ ಕಾಣುತ್ತವೆ. ಮೂಲವೇ ಮಸುಕೆಂದು ಭ್ರಮಿಸಿ ಒಳ್ಳೆಯ ದೃಶ್ಯವನ್ನು ಕೈಬಿಡುವವರೂ, ಇಲ್ಲದ ಹರಿತವನ್ನು ಕೃತಕವಾಗಿ ತುಂಬುವವರೂ ಉಂಟು. ಪೂರ್ಣ ಅಳತೆಯಲ್ಲಿ ಒಮ್ಮೆ ನಿಲ್ಲಿಸಿ ನೋಡಿದರೆ ಸಂಶಯ ನಿವಾರಣೆಯಾಗುವುದು.

ನಿಜವಾದ ಅಪಾಯವಿರುವುದು ಕೊನೆಯ ಹೆಜ್ಜೆಯಲ್ಲಿ. ಅಂತಿಮ ಪ್ರತಿಯನ್ನು ತೆಗೆಯುವಾಗ, ಸಮಯ ಉಳಿಸುವುದಕ್ಕಾಗಿ ತಾತ್ಕಾಲಿಕ ಮುನ್ನೋಟ ಕಡತಗಳನ್ನೇ ಬಳಸಿಕೊಳ್ಳುವ ಆಯ್ಕೆ ಅನೇಕ ತಂತ್ರಾಂಶಗಳಲ್ಲಿದೆ. ಮುನ್ನೋಟವು ಪ್ರೋರೆಸ್‌ನಂಥ ಉತ್ತಮ ಪದ್ಧತಿಯಲ್ಲಿ, ಪೂರ್ಣ ಅಳತೆಯಲ್ಲಿ ಸಿದ್ಧವಾಗಿದ್ದರೆ ಬಾಧಕವಿಲ್ಲ. ಹಾಗಿಲ್ಲದಿದ್ದರೆ, ಒಮ್ಮೆ ಅಡಕಗೊಂಡುದನ್ನು ಬಿಡಿಸಿ, ಮತ್ತೆ ಅಡಕಗೊಳಿಸಿ, ಅದನ್ನೇ ಮೂರನೆಯ ಬಾರಿ ಹಿಂಡಿದಂತಾಗುತ್ತದೆ. ಹೇಮಕೂಟದಿಂದ ಚಿತ್ರಿಸಿದ ಸಂಜೆಯ ಆಕಾಶದಲ್ಲಿ ಇದು ತಟ್ಟನೆ ಹೊರಬೀಳುತ್ತದೆ: ಹತ್ತು ಬಿಟ್ಟಿನ ಮೂಲದಲ್ಲಿ ಪ್ರತಿ ವರ್ಣಕ್ಕೂ 1024 ಮೆಟ್ಟಿಲುಗಳಿದ್ದರೆ ಎಂಟು ಬಿಟ್ಟಿನ ಮುನ್ನೋಟದಲ್ಲಿ 256 ಮಾತ್ರ, ನಯವಾಗಿ ಇಳಿಯಬೇಕಾದ ಕೆಂಪು ಪಟ್ಟೆಪಟ್ಟೆಯಾಗುತ್ತದೆ. ತುಂಗಭದ್ರೆಯ ಹರಿಯುವ ನೀರು ಚೌಕಗಳಾಗಿ ಒಡೆಯುತ್ತದೆ. ಕಲ್ಲಿನ ಕೆತ್ತನೆಯನ್ನು ಅಭ್ಯಾಸ ಮಾಡುವವನಿಗೆ ಸವೆದ ಗೆರೆಯಾವುದು, ಅಡಕದ ದೋಷವಾವುದು ಎಂದು ತಿಳಿಯದಂತಾಗುತ್ತದೆ.

ಹಂಪಿಯ ಮಟ್ಟಿಗೆ ಈ ಪ್ರಶ್ನೆ ಹೊಸದಲ್ಲ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಇಲ್ಲಿನ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದನು. ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಅವುಗಳಿಂದ ಹೊಸ ಪ್ರತಿಗಳನ್ನು ತೆಗೆಯಲಾಯಿತು. ನೆಗೆಟಿವ್ ಉಳಿಯದೆ ಮಾಸಿದ ಪ್ರತಿಯಷ್ಟೇ ಉಳಿದಿದ್ದರೆ ಪ್ರತಿಯ ಪ್ರತಿಗೆ ತೃಪ್ತರಾಗಬೇಕಿತ್ತು.

ಆದುದರಿಂದ ಕ್ಯಾಮರಾದ ಮೂಲ ಕಡತಗಳನ್ನು ಇದ್ದಂತೆಯೇ, ಎರಡು ಬೇರೆ ಬೇರೆ ಕಡೆಗಳಲ್ಲಿ ಇಡತಕ್ಕದ್ದು. ಸಂಕಲಿತ ಆಕರಪ್ರತಿಯನ್ನು ಮೂಲದಿಂದಲೇ ಹೊಸದಾಗಿ ರೆಂಡರ್ ಮಾಡಿ, ಪ್ರೋರೆಸ್‌ನಲ್ಲಾಗಲಿ ನಷ್ಟರಹಿತವಾದ ಎಫ್‌ಎಫ್‌ವಿ1ರಲ್ಲಾಗಲಿ ಉಳಿಸಬೇಕು. ಇದರಿಂದ ಕ್ಯಾಮರಾದಲ್ಲೇ ಕಳೆದುಹೋದುದು ಮರಳಿ ಬಾರದು, ಹೊಸ ನಷ್ಟ ತಪ್ಪುತ್ತದೆ ಅಷ್ಟೆ. ಪ್ರದರ್ಶನಕ್ಕೂ ಹಂಚಿಕೆಗೂ ಬೇಕಾದ ಚಿಕ್ಕ ಪ್ರತಿಗಳನ್ನು ಈ ಆಕರಪ್ರತಿಯಿಂದ ಎಷ್ಟು ಬಾರಿ ಬೇಕಾದರೂ ತೆಗೆಯಬಹುದು. ಮೂಲವನ್ನು ಅಳಿಸುವ ಯೋಚನೆ ಯಾರಿಗಾದರೂ ಬಂದರೆ, ಅದಕ್ಕೆ ಮುಂಚೆ ನೀರು, ಕಸೂತಿ, ಸಂಜೆಯ ಆಕಾಶ ಈ ಮೂರು ದೃಶ್ಯಗಳನ್ನು ಎರಡು ಪ್ರತಿಗಳಲ್ಲಿಯೂ ಅಕ್ಕಪಕ್ಕದಲ್ಲಿಟ್ಟು, ಪೂರ್ಣ ಅಳತೆಯಲ್ಲಿ ನೋಡಲಿ.