ಕ್ಷೇತ್ರದ ಎಲ್ಲೆಯೂ ನಿವಾಸಿಯ ಅಹವಾಲೂ

ಗೂಡಲೂರು ಸೀಮೆಯ ಚರಿತ್ರೆಯು ಎಲ್ಲೆಗಳ ಚರಿತ್ರೆಯೆಂದರೆ ತಪ್ಪಾಗಲಾರದು. ಆಗ್ನೇಯ ವಯನಾಡೆಂಬ ಹೆಸರಿನಿಂದ ಮಲಬಾರ್ ಜಿಲ್ಲೆಯಲ್ಲಿದ್ದ ಈ ನೆಲವು 1877ರಲ್ಲಿ ನೀಲಗಿರಿಗೆ ಸೇರಿತು. 1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಬಂದಿತು. ಉಳಿದ ವಯನಾಡು ಕೇರಳಕ್ಕೆ ಸೇರಿತು. ಗೂಡಲೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ರಾಜ್ಯದ ಎಲ್ಲೆಯು ಪಾರ್ಲಿಮೆಂಟಿನ ಅಧಿಕಾರಕ್ಕೆ ಒಳಪಟ್ಟ ವಿಷಯ. ಚುನಾವಣೆಯ ಎಲ್ಲೆಯ ಮಾತು ಬೇರೆ. ಅದನ್ನು ಎಳೆಯುವಾಗ ನಿವಾಸಿಯ ಮಾತಿಗೂ ಸ್ಥಾನವುಂಟು. ಆದರೆ ಆ ಮಾತು ಸಕಾಲದಲ್ಲಿ, ತಕ್ಕ ಕಚೇರಿಗೆ, ತಕ್ಕ ಆಧಾರದೊಡನೆ ಮುಟ್ಟಬೇಕು. ಇಲ್ಲವಾದರೆ ನ್ಯಾಯವಾದ ಬೇಡಿಕೆಯೂ ಕಡತದಲ್ಲಿಯೇ ಉಳಿದುಹೋಗುತ್ತದೆ.

ಮೊದಲು ಯಾವ ಎಲ್ಲೆಯ ಬಗೆಗೆ ದೂರು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮತಗಟ್ಟೆಯ ವ್ಯಾಪ್ತಿ, ಸ್ಥಳೀಯ ಸಂಸ್ಥೆಯ ವಾರ್ಡು, ವಿಧಾನಸಭಾ ಕ್ಷೇತ್ರ ಈ ಮೂರೂ ಬೇರೆ ಬೇರೆ. ಇವು ಕಂದಾಯದ ಎಲ್ಲೆಯೊಡನೆಯೂ ಹೊಂದಬೇಕೆಂದಿಲ್ಲ. ಮಸಿನಗುಡಿಯನ್ನೇ ನೋಡಿರಿ: ಕಂದಾಯಕ್ಕೆ ಉದಕಮಂಡಲ ತಾಲ್ಲೂಕು, ಪಂಚಾಯತಿಗೆ ಗೂಡಲೂರು ಒಕ್ಕೂಟ. ಆದುದರಿಂದ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಟ್ಟಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯಬಾರದು.

ಮೂರರಲ್ಲಿ ಸುಲಭವಾಗಿ ಬದಲಾಗತಕ್ಕದ್ದು ಮತಗಟ್ಟೆಯ ವ್ಯಾಪ್ತಿ. ಮತಗಟ್ಟೆಗಳನ್ನು ಚುನಾವಣಾ ಆಯೋಗದ ಒಪ್ಪಿಗೆ ಪಡೆದು ಜಿಲ್ಲಾ ಚುನಾವಣಾಧಿಕಾರಿಯು, ಎಂದರೆ ಜಿಲ್ಲಾ ಕಲೆಕ್ಟರರು, ಏರ್ಪಡಿಸುತ್ತಾರೆ. ಮತದಾರರ ಪಟ್ಟಿಯ ಪರಿಷ್ಕರಣೆಗೆ ಮುಂಚೆ ಮತಗಟ್ಟೆಗಳ ಕರಡು ಪಟ್ಟಿಯನ್ನು ಪ್ರಕಟಿಸಿ ಸಲಹೆಗಳನ್ನು ಸ್ವೀಕರಿಸುವುದು ವಾಡಿಕೆ. ಒಂದು ಮತಗಟ್ಟೆಗೆ ಹಿಂದೆ 1,500 ಮತದಾರರ ಮಿತಿಯಿತ್ತು. 2025ರಲ್ಲಿ ಆಯೋಗವು ಅದನ್ನು 1,200ಕ್ಕೆ ಇಳಿಸಿತು. ಮತದಾರನು ಸಾಮಾನ್ಯವಾಗಿ 2 ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಿರಬಾರದು. ಹೊಳೆ, ಬೆಟ್ಟಗಳು ದಾರಿಗೆ ಅಡ್ಡವಾಗಬಾರದು. ಆನೆ ತಿರುಗಾಡುವ ಕಾಡುದಾರಿಯಲ್ಲಿ ನಡೆದು ಬರಬೇಕಾದ ಹಾಡಿಯ ಜನರಿಗೆ ಈ ನಿಯಮಗಳೇ ಆಧಾರ. ಬರಿಯ 'ದೂರವಾಗುತ್ತದೆ' ಎಂದು ಬರೆಯುವುದಕ್ಕಿಂತ, ಇಷ್ಟು ಮನೆ, ಇಷ್ಟು ಮತದಾರರು, ಇಷ್ಟು ಕಿಲೋಮೀಟರು, ನಡುವೆ ಇಂಥ ಹಳ್ಳ, ಹತ್ತಿರದಲ್ಲಿ ಇಂಥ ಶಾಲಾ ಕಟ್ಟಡ ಎಂದು ಬರೆದರೆ ಅರ್ಜಿಗೆ ಬಲ ಬರುತ್ತದೆ. ಒಬ್ಬನೇ ವಾಸಸ್ಥಳ ಬದಲಿಸಿದ್ದರೆ ಎಲ್ಲೆಯ ಪ್ರಶ್ನೆಯೇ ಏಳದು. ಅವನಿಗೆ 8ನೆಯ ನಮೂನೆಯ ಅರ್ಜಿ ಸಾಕು. ಮುದುಮಲೆಯ ಹುಲಿ ಮೀಸಲು ಪ್ರದೇಶದಿಂದ ಹೊರಗೆ ಬಂದು ನೆಲಸಿದ ಕುಟುಂಬಗಳಂಥವರು ಈ ಭೇದವನ್ನು ತಿಳಿದಿರಬೇಕು.

ಎರಡನೆಯದು ವಾರ್ಡಿನ ಎಲ್ಲೆ. ತಮಿಳುನಾಡಿನಲ್ಲಿ ಇದಕ್ಕಾಗಿ 2017ರಲ್ಲಿ ರಾಜ್ಯ ಚುನಾವಣಾ ಕಮಿಷನರರ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗವೊಂದು ರಚಿತವಾಯಿತು. 2011ರ ಜನಗಣತಿಯನ್ನು ಆಧರಿಸಿದ ಕರಡು 2017ರ ಡಿಸೆಂಬರಿನ ಕೊನೆಯಲ್ಲಿ ಹೊರಬಿದ್ದಿತು. ಆಕ್ಷೇಪಣೆಗೆ ಮೊದಲು ದೊರೆತದ್ದು ಒಂದು ವಾರದಷ್ಟು ಅವಧಿ. ಅನಂತರ ಅದನ್ನು ವಿಸ್ತರಿಸಲಾಯಿತು. ಶಾಲೆಗಳಿಗೆ ಅರ್ಧವಾರ್ಷಿಕ ರಜೆಯ ದಿನಗಳವು. ಊರಿನಲ್ಲಿ ಓದಿ ಹೇಳಬಲ್ಲವರು ಇಲ್ಲದ ಸಮಯದಲ್ಲಿ ಪ್ರಕಟವಾದ ಕರಡು ಎಷ್ಟು ಜನರಿಗೆ ಮುಟ್ಟೀತು? ಆ ವಿಂಗಡಣೆಯ ಮೇಲೆಯೇ 2019ರ ಡಿಸೆಂಬರಿನಲ್ಲಿ ನೀಲಗಿರಿಯ ಗ್ರಾಮ ಪಂಚಾಯತಿಗಳಿಗೂ, 2022ರ ಫೆಬ್ರವರಿಯಲ್ಲಿ ಗೂಡಲೂರು ಪುರಸಭೆಯ 21 ವಾರ್ಡುಗಳಿಗೂ ಚುನಾವಣೆ ನಡೆಯಿತು. ಇದಕ್ಕೆ ಪ್ರತಿಯಾಗಿ, ಹೊಸದಾಗಿ ವಿಭಜಿತವಾದ 9 ಜಿಲ್ಲೆಗಳಲ್ಲಿ ಎಲ್ಲೆಯನ್ನು ಮತ್ತೆ ಸರಿಪಡಿಸುವವರೆಗೂ ಚುನಾವಣೆ ನಡೆಯಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಎಲ್ಲೆಯ ವಿಷಯ ಎಷ್ಟು ಗಂಭೀರವಾದುದೆಂಬುದು ಇದರಿಂದ ತಿಳಿಯುತ್ತದೆ.

ವಾರ್ಡಿನ ಆಕ್ಷೇಪಣೆ ಬರೆಯುವವರು ಮತದಾರರ ಸಂಖ್ಯೆಯನ್ನಲ್ಲ, ಜನಸಂಖ್ಯೆಯನ್ನು ಹಿಡಿಯಬೇಕು. ವಾರ್ಡಿನ ಸಂಖ್ಯೆ, ಕರಡಿನಲ್ಲಿ ಕಾಣಿಸಿದ ಮೇರೆ, ತಮ್ಮ ಕೇರಿ ಅಥವಾ ಚಹಾ ತೋಟದ ಲೈನುಮನೆಗಳ ಸ್ಥಾನ ಇವುಗಳನ್ನು ಕೈನಕ್ಷೆಯೊಡನೆ ಕೊಡಬೇಕು. 'ನಮ್ಮ ಕೇರಿಯನ್ನು ಪಕ್ಕದ ವಾರ್ಡಿಗೆ ಸೇರಿಸಿರಿ' ಎಂದರೆ ಸಾಲದು. ಸೇರಿಸಿದ ಮೇಲೆ ಎರಡು ವಾರ್ಡುಗಳ ಜನಸಂಖ್ಯೆ ಎಷ್ಟೆಷ್ಟಾಗುವುದೆಂಬ ಲೆಕ್ಕವೂ ಬೇಕು. ಅರ್ಜಿಗೆ ಸ್ವೀಕೃತಿಯ ರಸೀತಿ ಪಡೆಯಬೇಕು. ವಿಚಾರಣೆಗೆ ಕರೆದ ದಿನ ತಪ್ಪದೆ ಹಾಜರಾಗಬೇಕು.

ಮೂರನೆಯದಾದ ವಿಧಾನಸಭಾ ಕ್ಷೇತ್ರದ ಎಲ್ಲೆ ಬದಲಾಗುವುದು ಬಹು ಅಪರೂಪ. 2002ರ ಅಧಿನಿಯಮದಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗವು ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ, ಬಹಿರಂಗ ಸಭೆಗಳಲ್ಲಿ ಅಹವಾಲು ಕೇಳಿತು. ಆ ಆದೇಶ 2008ರಲ್ಲಿ ಜಾರಿಗೆ ಬಂದು ಗೂಡಲೂರು ಪರಿಶಿಷ್ಟ ಜಾತಿಯವರಿಗೆ ಮೀಸಲಾಯಿತು. ಪಣಿಯರು, ಕುರುಂಬರು, ಕಾಟ್ಟುನಾಯಕರು ವಾಸವಾಗಿರುವ ಈ ಸೀಮೆ ಪರಿಶಿಷ್ಟ ಪಂಗಡಕ್ಕೆ ಏಕೆ ಮೀಸಲಾಗಲಿಲ್ಲವೆಂದು ಕೇಳುವವರುಂಟು. ಪಂಗಡದವರ ಪ್ರಮಾಣ ಎಲ್ಲಿ ಅತ್ಯಧಿಕವೋ ಅಲ್ಲಿಗೆ ಆ ಸ್ಥಾನ ಎಂಬುದು ನಿಯಮ. ರಾಜ್ಯದ ಅಂಥ ಎರಡು ಸ್ಥಾನಗಳು ಯೇರ್ಕಾಡಿಗೂ ಸೇಂದಮಂಗಲಕ್ಕೂ ಸಂದವು. ಅಂತಿಮ ಆದೇಶಕ್ಕೆ ಕಾನೂನಿನ ಬಲವಿದೆ. ಸಂವಿಧಾನದ 329ನೆಯ ಅನುಚ್ಛೇದವು ನ್ಯಾಯಾಲಯದ ಪ್ರವೇಶವನ್ನು ತಡೆಯುತ್ತದೆ. ತೀರ ಸ್ವೇಚ್ಛೆಯ ಆದೇಶವನ್ನು ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತಾದರೂ, ನಿವಾಸಿಗೆ ನಿಜವಾದ ಅವಕಾಶವಿರುವುದು ಕರಡಿನ ಕಾಲದಲ್ಲಿಯೇ.

ಇನ್ನು ಭಾಷೆಯ ಮಾತು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಕೊಟ್ಟಿದೆ. ಗಡಿನಾಡಿನ ಕನ್ನಡಿಗನು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲ. ಆದರೆ ಅವಧಿ ಅಲ್ಪವಾಗಿರುವಾಗ ತಮಿಳು ಅನುವಾದವನ್ನೂ ಲಗತ್ತಿಸುವುದು ವಿವೇಕ. ಹಕ್ಕನ್ನು ಸಾಧಿಸುವ ಭರದಲ್ಲಿ ಕಾರ್ಯ ಕೆಡಬಾರದು.

ಉಪಾಧ್ಯಾಯನು ಪಕ್ಷಗಳ ಹೋರಾಟಕ್ಕೆ ಇಳಿಯತಕ್ಕವನಲ್ಲ. ಆದರೆ ಮತಗಟ್ಟೆಯಲ್ಲಿ ಕುಳಿತು ಕೆಲಸ ಮಾಡುವವನು ಅವನೇ; ಜನಗಣತಿಗೆ ಮನೆಮನೆ ತಿರುಗುವವನೂ ಬಹುಮಟ್ಟಿಗೆ ಅವನೇ. ಊರಿನ ಮೇರೆ, ಮನೆಗಳ ಲೆಕ್ಕ, ಹೊಳೆಯ ಹೆಸರು ಇವು ಅವನಿಗೆ ತಿಳಿದಷ್ಟು ಕಚೇರಿಗೆ ತಿಳಿಯದು. ಕರಡು ಪ್ರಕಟವಾದೊಡನೆ ಶಾಲೆಯ ಜಗಲಿಯಲ್ಲಿ ಅದನ್ನು ಓದಿ ಹೇಳುವುದು, ಮೇಲಿನ ತರಗತಿಯ ಮಕ್ಕಳಿಂದ ಊರಿನ ನಕ್ಷೆಯನ್ನು ಬರೆಯಿಸಿ ಇಟ್ಟುಕೊಳ್ಳುವುದು ಪಕ್ಷಪಾತವಲ್ಲ, ಪೌರಶಿಕ್ಷಣ. ಮುಂದಿನ ಕರಡು ಹೊರಬೀಳುವ ಮುನ್ನ ಪ್ರತಿಯೊಂದು ಶಾಲೆಯಲ್ಲಿಯೂ ಅಂಥ ನಕ್ಷೆಯೊಂದು ಸಿದ್ಧವಾಗಿರಲಿ.