ಆತ್ಮರಕ್ಷಣೆಗೆ ರಿವಾಲ್ವರ್: ಆಯ್ಕೆಗೆ ಮುನ್ನ ತಿಳಿದಿರಬೇಕಾದುದೇನು?

ಬೆಂಗಳೂರು: ಜಮೀನು ವ್ಯಾಜ್ಯ, ಹಫ್ತಾ ಬೆದರಿಕೆ, ಒಂಟಿ ಮನೆಯ ವಾಸ, ನಗದು ಅಥವಾ ಆಭರಣ ಸಾಗಿಸುವ ಅನಿವಾರ್ಯತೆ. ಆತ್ಮರಕ್ಷಣೆಗಾಗಿ ಪಿಸ್ತೂಲು ಹೊಂದಲು ಬಯಸುವವರು ಸಾಮಾನ್ಯವಾಗಿ ಮುಂದಿಡುವ ಕಾರಣಗಳಿವು. ಆದರೆ ‘ಯಾವ ಪಿಸ್ತೂಲು ಉತ್ತಮ’ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ದೊರೆಯುವ ಉತ್ತರ ಭಾರತದಲ್ಲಿ ಉಪಯೋಗಕ್ಕೆ ಬಾರದು. ಅಲ್ಲಿ ವ್ಯಾಪಕ ಬಳಕೆಯಲ್ಲಿರುವ 9 ಎಂ.ಎಂ. ಪಿಸ್ತೂಲು ಇಲ್ಲಿ ನಿಷೇಧಿತ ಬೋರ್‌ನ ಪಟ್ಟಿಗೆ ಸೇರಿದ್ದು, ಜನಸಾಮಾನ್ಯರಿಗೆ ಎಟುಕುವಂಥದ್ದಲ್ಲ.

ಅಮೆರಿಕದ ಸಂವಿಧಾನದಲ್ಲಿರುವಂತೆ ಶಸ್ತ್ರ ಹೊಂದುವ ಮೂಲಭೂತ ಹಕ್ಕು ಭಾರತದಲ್ಲಿಲ್ಲ. 2023ರ ಫೆಬ್ರುವರಿಯಲ್ಲಿ ಅಕ್ರಮ ಬಂದೂಕುಗಳ ಕುರಿತು ಸ್ವಯಂಪ್ರೇರಿತವಾಗಿ ಕ್ರಮಕ್ಕೆ ಮುಂದಾದ ಸುಪ್ರೀಂ ಕೋರ್ಟ್ ಈ ಅಂಶವನ್ನು ಸ್ಪಷ್ಟಪಡಿಸಿತ್ತು. ಇಲ್ಲಿ ಬಂದೂಕು ದೊರೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ನೀಡುವ ಪರವಾನಗಿಯ ಬಲದಿಂದ ಮಾತ್ರ.

ಪರವಾನಗಿ ಯಾರಿಗೆ?

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಬೆಂಗಳೂರಿನಲ್ಲಿ ನಗರ ಪೊಲೀಸ್ ಆಯುಕ್ತರು, ಆಯುಕ್ತಾಲಯವಿಲ್ಲದ ಕಡೆ ಜಿಲ್ಲಾಧಿಕಾರಿ ಪರವಾನಗಿ ನೀಡುವ ಅಧಿಕಾರ ಹೊಂದಿದ್ದಾರೆ. ಸ್ಥಳೀಯ ಠಾಣೆಯ ವರದಿ ಪಡೆದ ನಂತರವೇ ಅರ್ಜಿ ಇತ್ಯರ್ಥವಾಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವನ್ನೂ ಸುರಕ್ಷತಾ ತರಬೇತಿಯನ್ನೂ ಬೇಡುತ್ತವೆ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವುಂಟು.

2019ರ ತಿದ್ದುಪಡಿಯಿಂದಾಗಿ ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿತು. ಸಾಮಾನ್ಯ ಪರವಾನಗಿದಾರರು ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ವಿಧಿಸಬಹುದು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಹೊಂದಲು ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿದ್ದು, ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಪರಂಪರೆಯ ಆಧಾರದ ಈ ವಿನಾಯಿತಿ ಉಳಿದವರಿಗೆ ಅನ್ವಯಿಸದು.

ಆಯ್ಕೆಯ ವ್ಯಾಪ್ತಿ

ಪರವಾನಗಿ ಪಡೆದವರ ಮುಂದಿರುವ ಮುಖ್ಯ ಆಯ್ಕೆ .32 ಬೋರ್. ವಿದೇಶಿ ಪಿಸ್ತೂಲುಗಳ ಖಾಸಗಿ ಆಮದಿಗೆ 1980ರ ದಶಕದಲ್ಲೇ ತಡೆ ಬಿದ್ದುದರಿಂದ, ಅದಕ್ಕೂ ಹಿಂದೆ ಬಂದ ಹಳೆಯ ಸರಕು ಮಾತ್ರ ದುಬಾರಿ ಬೆಲೆಗೆ ಕೈ ಬದಲಾಯಿಸುತ್ತದೆ. ಅಂಥವುಗಳ ಬಿಡಿಭಾಗ ದೊರೆಯುವುದೂ ಕಷ್ಟ.

ದೇಶೀಯ ತಯಾರಿಕೆಯಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಪಾಲೇ ದೊಡ್ಡದು. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್ ಹಾಗೂ ಇಷಾಪುರದ ‘ಅಶನಿ’ ಪಿಸ್ತೂಲು ಪರಿಚಿತ ಹೆಸರುಗಳು. 2014ರಲ್ಲಿ ಮಹಿಳೆಯರನ್ನು ಗಮನದಲ್ಲಿಟ್ಟು ಬಿಡುಗಡೆ ಮಾಡಿದ ‘ನಿರ್ಭೀಕ್’ ರಿವಾಲ್ವರ್‌ನ ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2021ರಲ್ಲಿ ಆರ್ಡ್‌ನೆನ್ಸ್ ಮಂಡಳಿ ಏಳು ಕಂಪನಿಗಳಾಗಿ ವಿಂಗಡಣೆಯಾದ ಬಳಿಕ, ಅವುಗಳಲ್ಲೊಂದು 2023ರಲ್ಲಿ ‘ಪ್ರಬಲ್’ ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು.

ರಿವಾಲ್ವರೋ, ಪಿಸ್ತೂಲೋ?

ರಿವಾಲ್ವರ್‌ನಲ್ಲಿ ಗುಂಡುಗಳು ತಿರುಗುವ ಉರುಳೆಯಲ್ಲಿರುತ್ತವೆ; ಸಾಮಾನ್ಯವಾಗಿ ಆರು. ಒಂದು ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಉರುಳೆ ತಿರುಗಿ ಮುಂದಿನ ಗುಂಡು ಸಿದ್ಧವಾಗುತ್ತದೆ. ವಿರಳವಾಗಿ ಬಳಸುವವರಿಗೆ ಇದು ಅನುಕೂಲ. ಆದರೆ ಟ್ರಿಗರ್ ಬಿಗಿಯಾಗಿರುವುದರಿಂದ ದುರ್ಬಲ ಬೆರಳಿನವರ ಗುರಿ ಕದಲುತ್ತದೆ. ಮತ್ತೆ ಗುಂಡು ತುಂಬಲು ಸಮಯವೂ ಹಿಡಿಯುತ್ತದೆ.

ಪಿಸ್ತೂಲಿನ ಗುಂಡುಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ. ಅದು ಚಪ್ಪಟೆಯಾಗಿದ್ದು ಉಡುಪಿನಡಿ ಎದ್ದು ಕಾಣದು. ಗುಂಡು ಸಿಕ್ಕಿಕೊಂಡರೆ ಮಾತ್ರ ಮೇಲಿನ ಸ್ಲೈಡ್ ಎಳೆದು ಸರಿಪಡಿಸಬೇಕು. ಆತಂಕದ ಕ್ಷಣದಲ್ಲಿ ಇದು ಅಭ್ಯಾಸವಿಲ್ಲದ ಕೈಗೆ ಆಗದ ಕೆಲಸ. ಮ್ಯಾಗಜಿನ್ ಹೊರತೆಗೆದ ಮೇಲೂ ನಳಿಕೆಯ ಕೊಠಡಿಯಲ್ಲಿ ಒಂದು ಗುಂಡು ಉಳಿದಿರಬಹುದೆಂಬುದನ್ನು ಮರೆತು ಅನಾಹುತವಾಗುವುದುಂಟು.

ಹಗುರವಾದುದೇ ಉತ್ತಮ ಎಂಬ ಭಾವನೆಯೂ ಪೂರ್ಣ ಸರಿಯಲ್ಲ. ಒಂದೇ ಗುಂಡನ್ನು ಹಾರಿಸಿದಾಗ ಹಗುರವಾದ ಬಂದೂಕು ಭಾರವಾದುದಕ್ಕಿಂತ ಹೆಚ್ಚು ಒದೆಯುತ್ತದೆ. ಹಿಡಿ ಅಂಗೈಗೆ ಹೊಂದುವುದೇ, ತೋರುಬೆರಳು ಟ್ರಿಗರನ್ನು ಸಲೀಸಾಗಿ ಮುಟ್ಟುವುದೇ ಎಂದು ಪರೀಕ್ಷಿಸಿದ ನಂತರವೇ ಖರೀದಿಸುವುದು ವಿವೇಕ.

ಒಯ್ಯುವಾಗಲೂ ನಿರ್ಬಂಧ

ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಸೊಂಟಪಟ್ಟಿಯ ಚೀಲದಲ್ಲಿರಬೇಕು ಅಥವಾ ಪೂರ್ಣ ಮುಚ್ಚಿರಬೇಕು. ಝಳಪಿಸುವಂತಿಲ್ಲ. ಮದುವೆ, ಉತ್ಸವಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರವಾನಗಿಯಲ್ಲಿ ನಮೂದಿಸಿದ ಪ್ರದೇಶದ ಆಚೆ ಒಯ್ಯುವುದೂ ಉಲ್ಲಂಘನೆಯೇ. ಚುನಾವಣೆ ಘೋಷಣೆಯಾದಾಗ, ಪರಿಶೀಲನಾ ಸಮಿತಿ ವಿನಾಯಿತಿ ನೀಡದ ಹೊರತು, ಬಂದೂಕನ್ನು ಠಾಣೆಗೆ ಒಪ್ಪಿಸುವ ಸೂಚನೆ ಬರಬಹುದು. ಬೆದರಿಕೆ ಎಷ್ಟೇ ಇದ್ದರೂ ಆ ಅವಧಿಯಲ್ಲಿ ಅದು ಕೈಯಲ್ಲಿರದು.

ಗುಂಡು ಹಾರಿದ ಮೇಲೆ

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಸಾವು ಅಥವಾ ತೀವ್ರ ಗಾಯದ ಸಕಾರಣ ಭೀತಿ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಈ ಹಕ್ಕು ದಾಳಿಕೋರನ ಪ್ರಾಣಹಾನಿಯವರೆಗೂ ವಿಸ್ತರಿಸುತ್ತದೆ. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತೆಯೂ ಇಲ್ಲ. ಬೆನ್ನು ತಿರುಗಿಸಿ ಓಡುವ ಕಳ್ಳನಿಗೆ ಗುಂಡಿಕ್ಕಿದ ಮನೆಯೊಡೆಯ ಸ್ವತಃ ಆರೋಪಿಯಾಗಬಹುದು. ಆತ್ಮರಕ್ಷಣೆಗಾಗಿ ಹಾರಿಸಿದೆ ಎಂದು ತೋರಿಸುವ ಹೊಣೆ ಹಾರಿಸಿದವರದೇ.

ಮಿತಿಯ ಅರಿವು

2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತರಾದುದು ತಮ್ಮ ಮನೆಯ ಬಾಗಿಲಲ್ಲೇ. ಹೊಂಚು ಹಾಕಿ ಬಂದವರು ಎದುರಿಗಿರುವವರಿಗೆ ಕೈಯೆತ್ತಲೂ ಸಮಯ ಕೊಡುವುದಿಲ್ಲ. ಇಂಥ ಬೆದರಿಕೆ ಇರುವವರಿಗೆ ಲಿಖಿತ ದೂರು, ಪೊಲೀಸ್ ರಕ್ಷಣೆ, ಬಾಗಿಲಿನ ಭದ್ರತೆ ರಿವಾಲ್ವರ್‌ಗಿಂತ ಮೊದಲು ಬರಬೇಕಾದ ಕ್ರಮಗಳು.

ಮನೆಯೊಳಗಿನ ಅಪಾಯವೂ ಕಡಿಮೆಯಲ್ಲ. ಮಕ್ಕಳಿರುವ ಮನೆ, ಖಿನ್ನತೆಯಿಂದ ಬಳಲುವವರಿರುವ ಮನೆ, ಮದ್ಯ ಮತ್ತು ಜಗಳ ನಿತ್ಯದ ಮಾತಾಗಿರುವ ಮನೆಯಲ್ಲಿ ಬಂದೂಕು ಕಳ್ಳನಿಗಿಂತ ಮೊದಲು ಮನೆಮಂದಿಯನ್ನೇ ಬಲಿ ಪಡೆಯಬಹುದು. ಬಂದೂಕು ಒಂದೆಡೆ, ಗುಂಡುಗಳು ಇನ್ನೊಂದೆಡೆ, ಎರಡಕ್ಕೂ ಬೀಗ – ಇದು ಕನಿಷ್ಠ ಶಿಸ್ತು. ಕಳವಾದರೆ ಕೂಡಲೇ ಠಾಣೆಗೆ ತಿಳಿಸಬೇಕು.

ಬೀಗ ಹಾಕಿಟ್ಟ ಬಂದೂಕು ತುರ್ತಿಗೆ ಒದಗದು, ಬೀಗ ಹಾಕದ ಬಂದೂಕು ಮನೆಮಂದಿಗೆ ಕ್ಷೇಮವಲ್ಲ ಎಂಬ ಇಕ್ಕಟ್ಟಿಗೆ ಯಾವ ಮಾದರಿಯಲ್ಲೂ ಪರಿಹಾರವಿಲ್ಲ. ವರ್ಷವಿಡೀ ಅಭ್ಯಾಸ ಮಾಡಲು ಸಿದ್ಧರಿಲ್ಲದವರು ಅರ್ಜಿ ಹಾಕುವ ಮುನ್ನವೇ ಈ ಕುರಿತು ಮನೆಯವರೊಡನೆ ಕುಳಿತು ಚರ್ಚಿಸುವುದು ಒಳಿತು.